ಚಲಾವಣೆ ನಿಂತ ಪರದೇಶದ ಹಣಕ್ಕೆ ಬೆಲೆ ಎಷ್ಟು?

1891ರಲ್ಲಿ ಬೆಂಗಳೂರಿನ ಯಶವಂತಪುರದ ಬಳಿ ರೈಲು ಹಾದಿಗಾಗಿ ನೆಲ ಅಗೆಯುತ್ತಿದ್ದಾಗ ಬೆಳ್ಳಿ ನಾಣ್ಯಗಳ ಒಂದು ನಿಧಿ ಸಿಕ್ಕಿತು. ಎಣಿಸಿದರೆ 163 ನಾಣ್ಯಗಳು. ಅವುಗಳ ಮೇಲೆ ಗಂಗರ ಆನೆ ಇರಲಿಲ್ಲ, ವಿಜಯನಗರದ ದೇವರ ಚಿತ್ರವೂ ಇರಲಿಲ್ಲ. ಇದ್ದದ್ದು ಸಾವಿರಾರು ಮೈಲಿ ದೂರದ ರೋಮ್ ಸಾಮ್ರಾಜ್ಯವನ್ನು ಆಳಿದ ಅಗಸ್ಟಸ್, ಟೈಬೀರಿಯಸ್ ಮೊದಲಾದವರ ಮುಖಗಳು. ಮುಂದೆ 1965ರಲ್ಲಿ ನಗರದ ಇನ್ನೊಂದು ತುದಿಯಲ್ಲಿ, ಎಚ್.ಎ.ಎಲ್. ವಿಮಾನ ನಿಲ್ದಾಣದ ಪ್ರದೇಶದಲ್ಲಿ, ಅದೇ ಬಗೆಯ 256 ಬೆಳ್ಳಿ ನಾಣ್ಯಗಳು ದೊರೆತವು. ಬೆಂಗಳೂರು ಎಂಬ ಊರು ಹುಟ್ಟುವುದಕ್ಕೆ ಎಷ್ಟೋ ಶತಮಾನಗಳ ಮೊದಲೇ ಈ ನೆಲದಲ್ಲಿ ಪರದೇಶದ ಹಣ ಓಡಾಡಿತ್ತು ಎಂಬುದಕ್ಕೆ ಇವು ಸಾಕ್ಷಿ.

ಯಶವಂತಪುರದಿಂದ ಕೆಲವೇ ಕಿಲೋಮೀಟರು ದೂರದಲ್ಲಿ, ಮಾಗಡಿ ರಸ್ತೆಯ ಕಡೆ, ಶ್ರೀಗಂಧದ ಕಾವಲ್ ಇದೆ. ಪಕ್ಕದಲ್ಲೇ ಸುಂಕದಕಟ್ಟೆ. ಇಂದು ಎರಡೂ ಮನೆ, ಅಂಗಡಿ, ಕಾರ್ಖಾನೆಗಳಿಂದ ಕಿಕ್ಕಿರಿದ ಬಡಾವಣೆಗಳು. ಆದರೆ ಹೆಸರುಗಳು ಹಳೆಯ ಕಥೆಯನ್ನು ಬಿಟ್ಟುಕೊಟ್ಟಿಲ್ಲ. ಒಂದು ಹೆಸರು ಬೆಲೆಬಾಳುವ ಮರಕ್ಕೆ ಕಾವಲಿದ್ದ ನೆಲವನ್ನು ನೆನಪಿಸಿದರೆ, ಇನ್ನೊಂದು ಸರಕಿನ ಮೇಲೆ ಸುಂಕ ಎತ್ತುತ್ತಿದ್ದ ಕಟ್ಟೆಯನ್ನು ನೆನಪಿಸುತ್ತದೆ. ಸರಕು ಇದ್ದಲ್ಲಿ ಹಣ ಇರುತ್ತದೆ. ದಾರಿ ಇದ್ದಲ್ಲಿ ಬೇರೆ ಊರಿನ ಹಣವೂ ಬರುತ್ತದೆ.

ಇಂದಿಗೂ ಬರುತ್ತಲೇ ಇದೆ. ಗಲ್ಫಿನಲ್ಲಿ ದುಡಿದು ಬಂದವರ ಪೆಟ್ಟಿಗೆಯ ತಳದಲ್ಲಿ ನಾಲ್ಕು ದಿನಾರ್, ತರಬೇತಿಗೆಂದು ಜರ್ಮನಿಗೆ ಹೋಗಿ ಬಂದ ಕಾರ್ಖಾನೆ ನೌಕರರ ಮನೆಯಲ್ಲಿ ಒಂದೆರಡು ಮಾರ್ಕ್ ನೋಟು, ಮಗಳ ಮನೆಗೆ ಲಂಡನ್ನಿಗೆ ಹೋಗಿ ಬಂದವರ ಪರ್ಸಿನಲ್ಲಿ ಹಳೆಯ ಪೌಂಡು ಉಳಿದಿರುವುದು ಅಪರೂಪವೇನಲ್ಲ. ಹಣ ವಿನಿಮಯದ ಅಂಗಡಿಗೆ ಒಯ್ದರೆ ‘ಇದು ಈಗ ನಡೆಯುವುದಿಲ್ಲ’ ಎಂಬ ಉತ್ತರ ಬರುತ್ತದೆ. ನಡೆಯುವುದಿಲ್ಲ ಎಂದ ಮಾತ್ರಕ್ಕೆ ಬೆಲೆಯೂ ಇಲ್ಲವೇ? ಈ ಪ್ರಶ್ನೆಗೆ ಉತ್ತರ ಯಶವಂತಪುರದ ಆ ಬೆಳ್ಳಿ ನಾಣ್ಯಗಳಿಂದಲೇ ಶುರುವಾಗುತ್ತದೆ.

ಅಲ್ಲಿ ಸಲ್ಲದ್ದು ಇಲ್ಲಿ ಸಂದಿತು

ರೋಮನರ ಆ ಬೆಳ್ಳಿ ನಾಣ್ಯದ ಹೆಸರು ಡಿನೇರಿಯಸ್. ಅಗಸ್ಟಸ್‌ನ ಕಾಲದಲ್ಲಿ ಅದರ ತೂಕ 4 ಗ್ರಾಂಗೆ ತುಸು ಕಡಿಮೆ. ಬೆಳ್ಳಿ ಬಹುತೇಕ ಅಪ್ಪಟ. ಮೆಣಸು, ಮುತ್ತು, ಹರಳು, ನಯವಾದ ಬಟ್ಟೆಗಾಗಿ ರೋಮ್‌ನಿಂದ ಈ ನಾಣ್ಯಗಳು ಹಡಗುಗಳಲ್ಲಿ ಭಾರತದ ಪಶ್ಚಿಮ ಕರಾವಳಿಗೆ ಬರುತ್ತಿದ್ದವು. ವರ್ಷಕ್ಕೆ 5 ಕೋಟಿ ಸೆಸ್ಟರ್ಸ್ ಹಣವನ್ನು ಭಾರತ ನುಂಗುತ್ತಿದೆ ಎಂದು ಕ್ರಿ.ಶ. ಒಂದನೇ ಶತಮಾನದ ರೋಮನ್ ಲೇಖಕ ಪ್ಲಿನಿ ದೂರಿದ್ದ. ನಾಲ್ಕು ಸೆಸ್ಟರ್ಸ್‌ಗೆ ಒಂದು ಡಿನೇರಿಯಸ್ ಎಂಬ ಲೆಕ್ಕದಲ್ಲಿ ಅದು 1.25 ಕೋಟಿ ಡಿನೇರಿಯಸ್ ಆಗುತ್ತದೆ. ಚಿತ್ರದುರ್ಗದ ಬಳಿಯ ಚಂದ್ರವಳ್ಳಿಯ ಉತ್ಖನನದಲ್ಲೂ ಇದೇ ಚಕ್ರವರ್ತಿಗಳ ನಾಣ್ಯಗಳು ಸಿಕ್ಕಿವೆ.

ಇಲ್ಲಿ ಒಂದು ಸ್ವಾರಸ್ಯವಿದೆ. ಕ್ರಿ.ಶ. 64ರ ಸುಮಾರಿಗೆ ನೀರೋ ಚಕ್ರವರ್ತಿ ಡಿನೇರಿಯಸ್‌ನ ತೂಕವನ್ನು ಇಳಿಸಿದ, ಬೆಳ್ಳಿಯಲ್ಲಿ ಬೆರಕೆಯನ್ನೂ ಹೆಚ್ಚಿಸಿದ. ಟ್ರಾಜನ್ ಚಕ್ರವರ್ತಿಯ ಕಾಲದಲ್ಲಿ ಹಳೆಯ ಸವಕಲು ನಾಣ್ಯಗಳನ್ನು ಸರ್ಕಾರವೇ ಹಿಂದಕ್ಕೆ ಪಡೆದು ಕರಗಿಸಿತು. ಆದರೆ ದಕ್ಷಿಣ ಭಾರತದಲ್ಲಿ ಸಿಕ್ಕಿರುವ ರೋಮನ್ ಬೆಳ್ಳಿ ನಾಣ್ಯಗಳಲ್ಲಿ ಬಹುಪಾಲು ನೀರೋಗಿಂತ ಹಿಂದಿನವು, ಅಂದರೆ ಒಳ್ಳೆಯ ಬೆಳ್ಳಿಯವು. ಇಲ್ಲಿಯ ವರ್ತಕನಿಗೆ ರೋಮ್‌ನಲ್ಲಿ ಯಾರು ಪಟ್ಟದಲ್ಲಿದ್ದಾರೆ ಎಂಬುದು ಬೇಕಿರಲಿಲ್ಲ. ನಾಣ್ಯದಲ್ಲಿ ಎಷ್ಟು ಬೆಳ್ಳಿ ಇದೆ ಎಂಬುದು ಬೇಕಿತ್ತು. ರೋಮ್ ಕೈಬಿಟ್ಟ ನಾಣ್ಯವನ್ನು ನಮ್ಮವರು ಕೈಬಿಡಲಿಲ್ಲ. ಗಡಿಗೆಯಲ್ಲಿಟ್ಟು ಹೂಳಿ ಕಾಪಾಡಿದರು.

ನಾಣ್ಯದ ಜೊತೆ ಹೆಸರೂ ಉಳಿಯಿತು. ಡಿನೇರಿಯಸ್ ಸಂಸ್ಕೃತದಲ್ಲಿ ‘ದೀನಾರ’ ಆಯಿತು. ಗ್ರೀಕರ ಡ್ರಾಕ್ಮಾ ‘ದ್ರಮ್ಮ’ವಾಗಿ ನಮ್ಮ ಶಾಸನಗಳಲ್ಲಿ ಕಾಣಿಸಿಕೊಂಡಿತು. ಅದೇ ಎರಡು ಪದಗಳು ಅರಬರ ನಾಡಿನಲ್ಲಿ ದಿನಾರ್ ಮತ್ತು ದಿರ್ಹಂ ಆದವು. ಉಡುಪಿಯಿಂದಲೋ ಭಟ್ಕಳದಿಂದಲೋ ಕುವೈತಿಗೆ ಹೋಗಿ ದಿನಾರ್ ಎಣಿಸಿದವರು, ದುಬೈಗೆ ಹೋಗಿ ದಿರ್ಹಂ ಎಣಿಸಿದವರು ತಿಳಿದೋ ತಿಳಿಯದೆಯೋ ಎರಡು ಸಾವಿರ ವರ್ಷದ ಹಳೆಯ ಹೆಸರುಗಳಲ್ಲೇ ಸಂಬಳ ಪಡೆದಿದ್ದಾರೆ.

ಕೊರಳಿಗೆ ಬಂದ ನಾಣ್ಯ

ಚಲಾವಣೆ ನಿಂತ ಚಿನ್ನದ ನಾಣ್ಯಕ್ಕೆ ನಮ್ಮಲ್ಲಿ ಇನ್ನೊಂದು ಬಾಳು ಇತ್ತು. ಅದು ಆಭರಣದ ಬಾಳು. ಹಾನಗಲ್ ತಾಲ್ಲೂಕಿನ ಅಕ್ಕಿಆಲೂರಿನಲ್ಲಿ 46 ಚಿನ್ನದ ನಾಣ್ಯಗಳ ನಿಧಿ ಸಿಕ್ಕಿತು. ಅವುಗಳಲ್ಲಿ ಹೆಚ್ಚಿನವು ಕ್ರಿ.ಶ. 5 ಮತ್ತು 6ನೇ ಶತಮಾನದ ಪೂರ್ವ ರೋಮನ್ ಚಕ್ರವರ್ತಿಗಳವು. ಹಲವು ನಾಣ್ಯಗಳ ಮೇಲ್ಭಾಗದಲ್ಲಿ ದಾರ ಪೋಣಿಸಲು ರಂಧ್ರಗಳಿವೆ. ಕಾನ್‌ಸ್ಟಾಂಟಿನೋಪಲ್‌ನ ಹಣ ಇಲ್ಲಿ ಕೊರಳಿನ ಒಡವೆಯಾಗಿತ್ತು.

ಇಟಲಿಯ ವೆನಿಸ್ ಗಣರಾಜ್ಯದ ಡುಕಾಟ್ ಎಂಬ ಚಿನ್ನದ ನಾಣ್ಯದ ಕಥೆ ಇದಕ್ಕಿಂತ ದೊಡ್ಡದು. 1284ರಲ್ಲಿ ಮೊದಲು ಟಂಕಿಸಿದ ಈ ನಾಣ್ಯದ ತೂಕ ಸುಮಾರು 3.5 ಗ್ರಾಂ. ಐನೂರು ವರ್ಷ ಅದರ ತೂಕವನ್ನಾಗಲಿ ಪರಿಶುದ್ಧತೆಯನ್ನಾಗಲಿ ವೆನಿಸ್ ಕೆಡಿಸಲಿಲ್ಲ. ಅದಕ್ಕೇ ಅರಬಿ ಸಮುದ್ರದ ಬಂದರುಗಳಲ್ಲೆಲ್ಲ ಅದಕ್ಕೆ ಮರ್ಯಾದೆ. ನಾಣ್ಯದ ಮೇಲೆ ಸಂತ ಮಾರ್ಕನ ಮುಂದೆ ಮಂಡಿಯೂರಿದ ವೆನಿಸ್‌ನ ಅಧಿಪತಿಯ ಚಿತ್ರ. ನಮ್ಮವರಿಗೆ ಸಂತನೂ ಗೊತ್ತಿಲ್ಲ, ಅಧಿಪತಿಯೂ ಗೊತ್ತಿಲ್ಲ. ಬೊಂಬೆಯಂತೆ ಕಂಡ ಆ ಚಿತ್ರದಿಂದ ನಾಣ್ಯಕ್ಕೆ ‘ಪುತಳಿ’ ಎಂದು ಹೆಸರಿಟ್ಟರು. 1797ರಲ್ಲಿ ನೆಪೋಲಿಯನ್‌ನ ದಂಡಯಾತ್ರೆಗೆ ಸಿಕ್ಕಿ ವೆನಿಸ್ ಗಣರಾಜ್ಯವೇ ಅಳಿಯಿತು. ಪುತಳಿ ಸರ ಮಾತ್ರ ಉಳಿಯಿತು. ಅಸಲಿ ನಾಣ್ಯ ಸಿಗದಾದಾಗ ನಮ್ಮ ಅಕ್ಕಸಾಲಿಗರೇ ಅದೇ ಅಚ್ಚಿನ ಬಿಲ್ಲೆಗಳನ್ನು ಮಾಡಿ ಸರಕ್ಕೆ ಪೋಣಿಸಿದರು.

ಕರಾವಳಿಯಲ್ಲಿ ಇಂದಿಗೂ ಚಿನ್ನವನ್ನು ಪವನಿನ ಲೆಕ್ಕದಲ್ಲಿ ಕೇಳುವುದುಂಟು. ಒಂದು ಪವನು ಎಂದರೆ 8 ಗ್ರಾಂ. ಇದರ ಮೂಲ ಇಂಗ್ಲೆಂಡಿನ ಸವರನ್ ನಾಣ್ಯ. ಅದರ ತೂಕ 7.988 ಗ್ರಾಂ, 22 ಕ್ಯಾರಟ್. 1899ರ ಕಾನೂನಿನಂತೆ ಭಾರತದಲ್ಲಿ ಸವರನ್‌ಗೆ 15 ರೂಪಾಯಿಯ ಅಧಿಕೃತ ಬೆಲೆ ಇತ್ತು. 1918ರಲ್ಲಿ ಮುಂಬಯಿಯ ಟಂಕಸಾಲೆಯಲ್ಲೇ ಸುಮಾರು 13 ಲಕ್ಷ ಸವರನ್‌ಗಳನ್ನು ಅಚ್ಚು ಹಾಕಿದರು. ಸಾಮ್ರಾಜ್ಯ ಹೋಯಿತು, 15 ರೂಪಾಯಿಯ ದರವೂ ಹೋಯಿತು. ನಾಣ್ಯ ಮಾತ್ರ ತೂಕದ ಅಳತೆಯಾಗಿ ಮದುವೆ ಮಾತುಕತೆಗಳಲ್ಲಿ ಉಳಿದುಕೊಂಡಿತು.

ಚಿನಿವಾರರ ಲೆಕ್ಕ

ಹಾಗಾದರೆ ಹತ್ತು ರಾಜ್ಯಗಳ ನೂರು ಬಗೆಯ ನಾಣ್ಯಗಳನ್ನು ಜನ ಹೇಗೆ ಬದಲಾಯಿಸಿಕೊಳ್ಳುತ್ತಿದ್ದರು? ಆ ಕೆಲಸಕ್ಕೆಂದೇ ಒಂದು ವೃತ್ತಿ ಇತ್ತು. ಕನ್ನಡದಲ್ಲಿ ಅವರನ್ನು ಚಿನಿವಾರರು ಎನ್ನುತ್ತಿದ್ದರು. ಅರಬಿ ಮೂಲದ ಸರಾಫ ಎಂಬ ಹೆಸರೂ ಬಳಕೆಗೆ ಬಂತು. ಚಿನ್ನ ಬೆಳ್ಳಿ ಧಾರಣೆಯನ್ನು ‘ಚಿನಿವಾರ ಪೇಟೆ’ ಎಂಬ ತಲೆಬರಹದಡಿ ಕೊಡುವ ಪದ್ಧತಿ ನಮ್ಮ ಪತ್ರಿಕೆಗಳಲ್ಲಿ ಬೆಳೆದದ್ದು ಈ ಪದದಿಂದಲೇ. ಚಿನಿವಾರನ ಬಳಿ ಮೂರು ಆಯುಧಗಳು: ತಕ್ಕಡಿ, ಒರೆಗಲ್ಲು ಮತ್ತು ನೆನಪು. ತೂಕ ನೋಡಿ, ಒರೆ ಹಚ್ಚಿ, ಸವೆದದ್ದಕ್ಕೂ ದೂರದ್ದಕ್ಕೂ ಇಷ್ಟು ವಟಾವು ಎಂದು ಕಳೆದು ಉಳಿದದ್ದನ್ನು ಊರಿನ ಹಣದಲ್ಲಿ ಕೊಡುತ್ತಿದ್ದ.

ನಾಣ್ಯ ನಡೆಯುವುದಕ್ಕೆ ಕನ್ನಡದಲ್ಲಿ ‘ಸಲ್ಲುವುದು’ ಎಂಬ ಮಾತಿದೆ. ಬಸವಣ್ಣನವರು ಮರ್ತ್ಯಲೋಕವನ್ನೇ ನಾಣ್ಯ ಅಚ್ಚು ಹಾಕುವ ಕಮ್ಮಟಕ್ಕೆ ಹೋಲಿಸಿದ್ದು ಎಲ್ಲರಿಗೂ ಗೊತ್ತು. ಹನ್ನೆರಡನೇ ಶತಮಾನದ ಕೇಳುಗರಿಗೆ ಆ ಹೋಲಿಕೆ ಥಟ್ಟನೆ ಅರ್ಥವಾಗುತ್ತಿತ್ತು ಎಂದರೆ, ಸಲ್ಲುವ ನಾಣ್ಯ ಸಲ್ಲದ ನಾಣ್ಯಗಳ ಚಿಂತೆ ಸಂತೆಗೆ ಹೋಗುವ ಪ್ರತಿಯೊಬ್ಬರದೂ ಆಗಿತ್ತು ಎಂದೇ ಅರ್ಥ.

ಅರಸು ಬದಲಾದರೂ ನಾಣ್ಯ ಬದಲಾಗದ ಉದಾಹರಣೆಯೂ ನಮ್ಮಲ್ಲೇ ಇದೆ. ಹೈದರ್ ಅಲಿ 1763ರಲ್ಲಿ ಬಿದನೂರನ್ನು ಗೆದ್ದಾಗ ಕೆಳದಿ ಅರಸರ ಆಳ್ವಿಕೆ ಮುಗಿಯಿತು. ಆದರೆ ಅವರ ಇಕ್ಕೇರಿ ವರಹಕ್ಕೆ ಪೇಟೆಯಲ್ಲಿದ್ದ ನಂಬಿಕೆ ಮುಗಿಯಲಿಲ್ಲ. ಹೈದರ್ ತನ್ನ ಚಿನ್ನದ ನಾಣ್ಯದ ಒಂದು ಮುಖದಲ್ಲಿ ಶಿವ ಪಾರ್ವತಿಯರ ಚಿತ್ರವನ್ನು ಹಾಗೆಯೇ ಇಟ್ಟು, ಇನ್ನೊಂದು ಮುಖದಲ್ಲಿ ಮಾತ್ರ ತನ್ನ ಹೆಸರಿನ ಮೊದಲ ಪಾರಸಿ ಅಕ್ಷರ ಹಾಕಿಸಿದ. ಜನ ಒಪ್ಪಿದ ರೂಪವನ್ನು ಕೆಡಿಸಿದರೆ ನಾಣ್ಯ ಓಡದು ಎಂಬುದು ಅವನಿಗೆ ತಿಳಿದಿತ್ತು. ಟಿಪ್ಪು ಪತನದ ನಂತರ 1800-01ರಲ್ಲಿ ಈ ನಾಡನ್ನು ಸುತ್ತಿದ ಫ್ರಾನ್ಸಿಸ್ ಬುಕಾನನ್ ಕೂಡ ಕರಾವಳಿ, ಮಲೆನಾಡಿನ ಲೆಕ್ಕಗಳನ್ನು ಇಕ್ಕೇರಿ ವರಹದಲ್ಲಿ ಬರೆದಿಟ್ಟಿದ್ದಾನೆ.

ಇಲ್ಲಿಯವರೆಗಿನ ಕಥೆಯ ಸಾರ ಇಷ್ಟೆ. ಲೋಹದ ನಾಣ್ಯದ ಬೆಲೆ ಅದರ ಮೈಯಲ್ಲೇ ಇತ್ತು. ಅರಸ ಅಳಿದರೂ ಒರೆಗಲ್ಲು ಬೆಲೆ ಹೇಳುತ್ತಿತ್ತು. ಕಾಗದದ ನೋಟಿನ ಜಾತಕ ಬೇರೆ. ಅದರ ಮೈಯಲ್ಲಿರುವುದು ಬರೀ ಕಾಗದ ಮತ್ತು ಒಂದು ಮಾತು. ಆ ಮಾತು ಎಷ್ಟು ದಿನ ಉಳಿಯುತ್ತದೋ ಬೆಲೆಯೂ ಅಷ್ಟೇ ದಿನ. ಇದನ್ನು ನಮ್ಮ ಕರಾವಳಿಯವರು ದುಡಿಯಲು ಹೋದ ಅರಬರ ನಾಡಿನಲ್ಲೇ ನೋಡಬಹುದು.

ಗಲ್ಫ್ ರೂಪಾಯಿ

ಸ್ವಾತಂತ್ರ್ಯ ಬಂದ ಮೇಲೂ ಬಹಳ ವರ್ಷ ಕುವೈತ್, ಬಹರೇನ್, ಕತಾರ್, ದುಬೈ, ಮಸ್ಕತ್‌ಗಳಲ್ಲಿ ನಡೆಯುತ್ತಿದ್ದದ್ದು ಭಾರತದ ರೂಪಾಯಿಯೇ. ಇದರಿಂದ ಒಂದು ಪೇಚು ಹುಟ್ಟಿತು. ಕಳ್ಳಸಾಗಣೆದಾರರು ಇಲ್ಲಿಂದ ರೂಪಾಯಿ ನೋಟುಗಳನ್ನು ಕದ್ದು ಒಯ್ದು ಅಲ್ಲಿ ಚಿನ್ನ ಕೊಂಡು ತರುತ್ತಿದ್ದರು. ಅಲ್ಲಿ ಸೇರಿದ ರೂಪಾಯಿಗಳು ಬ್ಯಾಂಕುಗಳ ಮೂಲಕ ರಿಸರ್ವ್ ಬ್ಯಾಂಕಿಗೆ ಮರಳಿದಾಗ ಅವಕ್ಕೆ ಪ್ರತಿಯಾಗಿ ಪೌಂಡು ಕೊಡಬೇಕಾಗುತ್ತಿತ್ತು. ದೇಶದ ವಿದೇಶಿ ವಿನಿಮಯ ಹೀಗೆ ಸೋರಿಹೋಗುವುದನ್ನು ತಡೆಯಲು 1959ರಲ್ಲಿ ಗಲ್ಫ್ ಪ್ರದೇಶಕ್ಕೆಂದೇ ಬೇರೆ ಬಣ್ಣದ, ‘ಝಡ್’ ಅಕ್ಷರದಿಂದ ಶುರುವಾಗುವ ಸಂಖ್ಯೆಯ ನೋಟುಗಳನ್ನು ಹೊರಡಿಸಲಾಯಿತು. ಅವು ಭಾರತದೊಳಗೆ ನಡೆಯುತ್ತಿರಲಿಲ್ಲ. ಹಜ್ ಯಾತ್ರಿಕರಿಗಾಗಿ ‘ಎಚ್‌ಎ’ ಅಕ್ಷರಗಳುಳ್ಳ 10 ಮತ್ತು 100 ರೂಪಾಯಿಯ ನೋಟುಗಳೂ ಬಂದವು. ನಮ್ಮದೇ ರಿಸರ್ವ್ ಬ್ಯಾಂಕಿನ ನೋಟು ನಮ್ಮಲ್ಲೇ ಪರದೇಶದ ಹಣವಾದ ವಿಚಿತ್ರ ಸಂದರ್ಭ ಇದು.

ಈ ವ್ಯವಸ್ಥೆ ಹೆಚ್ಚು ದಿನ ಬಾಳಲಿಲ್ಲ. 1961ರಲ್ಲಿ ಕುವೈತ್ ತನ್ನದೇ ದಿನಾರ್ ತಂದಿತು. ಒಂದು ದಿನಾರ್‌ಗೆ 13 ರೂಪಾಯಿ 33 ಪೈಸೆಯ ಲೆಕ್ಕ. 1965ರಲ್ಲಿ ಬಹರೇನ್ 10 ರೂಪಾಯಿಗೆ ಒಂದು ದಿನಾರ್‌ನಂತೆ ಬದಲಾಯಿಸಿಕೊಂಡಿತು. 1966ರ ಜೂನ್ 6ರಂದು ಭಾರತ ರೂಪಾಯಿಯ ಅಪಮೌಲ್ಯ ಮಾಡಿತು. ಡಾಲರ್‌ಗೆ 4.76 ಇದ್ದ ದರ 7.50ಕ್ಕೆ ಏರಿತು. ರೂಪಾಯಿಗೆ ಅಂಟಿಕೊಂಡಿದ್ದ ಗಲ್ಫ್ ನೋಟುಗಳೂ ಒಂದೇ ದಿನದಲ್ಲಿ ಸೊರಗಿದವು. ಕತಾರ್ ಮತ್ತು ದುಬೈ ಅದೇ ವರ್ಷ ಹೊಸ ರಿಯಾಲ್‌ಗೆ ಹೊರಳಿದವು. ಕೊನೆಯದಾಗಿ 1970ರಲ್ಲಿ ಒಮಾನ್ ಕೂಡ ಕೈಬಿಟ್ಟಿತು.

ಇಂದು ಆ ನೋಟುಗಳನ್ನು ಯಾವ ಅಂಗಡಿಯೂ ಪಡೆಯುವುದಿಲ್ಲ. ಸಂಗ್ರಾಹಕರು ಮಾತ್ರ ಹುಡುಕುತ್ತಾರೆ. 100 ರೂಪಾಯಿಯ ಒಂದು ಹಜ್ ನೋಟು 2024ರಲ್ಲಿ ಲಂಡನ್ನಿನ ಹರಾಜಿನಲ್ಲಿ ಸುಮಾರು 56 ಲಕ್ಷ ರೂಪಾಯಿಗೆ ಹೋಯಿತೆಂದು ಪತ್ರಿಕೆಗಳಲ್ಲಿ ವರದಿಯಾಗಿತ್ತು. ನೋಟಿನ ಮೇಲಿನ ಮಾತು ಸತ್ತ ಮೇಲೆ ಅದರ ಅಪರೂಪಕ್ಕೆ ಬೆಲೆ ಬಂದದ್ದು ಹೀಗೆ.

ಒಂದೇ ನೋಟು, ಎರಡು ಬೆಲೆ

ಮಾತು ಇದ್ದಕ್ಕಿದ್ದಂತೆ ಮುರಿದರೆ ಏನಾಗುತ್ತದೆ ಎಂಬುದನ್ನು 1990ರಲ್ಲಿ ಕುವೈತಿನಲ್ಲಿದ್ದ ಭಾರತೀಯರು ಕಣ್ಣಾರೆ ಕಂಡರು. ಆಗಸ್ಟ್ 2ರಂದು ಇರಾಕಿನ ಸೇನೆ ಕುವೈತನ್ನು ಆಕ್ರಮಿಸಿತು. ಅಲ್ಲಿಯವರೆಗೆ ಒಂದು ಕುವೈತ್ ದಿನಾರ್‌ಗೆ 3 ಡಾಲರ್‌ಗಿಂತ ಹೆಚ್ಚು ಬೆಲೆ ಇತ್ತು. ಇರಾಕ್ ಅದನ್ನು ತನ್ನ ದುರ್ಬಲ ದಿನಾರ್‌ಗೆ ಸಮ ಎಂದು ಸಾರಿತು, ಆಮೇಲೆ ರದ್ದೇ ಮಾಡಿತು. ಏರ್ ಇಂಡಿಯಾ ವಿಮಾನಗಳು ಜೋರ್ಡನ್‌ನ ಅಮ್ಮಾನ್‌ನಿಂದ ಒಂದು ಲಕ್ಷಕ್ಕೂ ಹೆಚ್ಚು ಭಾರತೀಯರನ್ನು ತಾಯ್ನಾಡಿಗೆ ಕರೆತಂದವು. ದಕ್ಷಿಣ ಕನ್ನಡ, ಉತ್ತರ ಕನ್ನಡ, ಕಾಸರಗೋಡಿನ ಕುಟುಂಬಗಳೂ ಅದರಲ್ಲಿದ್ದವು. ವರ್ಷಗಟ್ಟಲೆ ಬೆವರು ಸುರಿಸಿ ಗಳಿಸಿದ ನೋಟು ಜೇಬಿನಲ್ಲಿತ್ತು. ಅದನ್ನು ಪಡೆಯುವವರೇ ಇರಲಿಲ್ಲ.

1991ರ ಫೆಬ್ರವರಿಯಲ್ಲಿ ಕುವೈತ್ ಬಿಡುಗಡೆಯಾಯಿತು. ಮಾರ್ಚ್ 24ರಂದು ಅಲ್ಲಿನ ಕೇಂದ್ರ ಬ್ಯಾಂಕ್ ಹೊಸ ನೋಟುಗಳನ್ನು ಹೊರಡಿಸಿತು. ಹಳೆಯ ನೋಟುಗಳನ್ನು ಬದಲಾಯಿಸಿಕೊಡುವುದಾಗಿಯೂ ಹೇಳಿತು. ಆದರೆ ಒಂದು ಷರತ್ತು ಇತ್ತು. ಬ್ಯಾಂಕಿನ ಭಂಡಾರದಿಂದ ಇರಾಕಿಗಳು ದೋಚಿದ್ದ ನೋಟುಗಳಿಗೆ ಬೆಲೆ ಇಲ್ಲ. ಅವನ್ನು ಗುರುತಿಸುವುದು ಹೇಗೆ? ನೋಟಿನ ಸಂಖ್ಯೆಯಿಂದ. ಒಂದೇ ಬಣ್ಣ, ಒಂದೇ ಚಿತ್ರ, ಒಂದೇ ಸಹಿಯ ಎರಡು ನೋಟುಗಳಲ್ಲಿ ಒಂದು ಹಣ, ಇನ್ನೊಂದು ಬರೀ ಕಾಗದ. ಒರೆಗಲ್ಲಿಗೆ ಈ ವ್ಯತ್ಯಾಸ ತಿಳಿಯದು. ಬ್ಯಾಂಕಿನ ಪಟ್ಟಿಗೆ ಮಾತ್ರ ತಿಳಿಯುತ್ತದೆ.

ಅದೇ ಇರಾಕಿನಲ್ಲಿ ಇದಕ್ಕೆ ತದ್ವಿರುದ್ಧವಾದ ಘಟನೆಯೂ ನಡೆಯಿತು. 1993ರಲ್ಲಿ ಸದ್ದಾಂ ಸರ್ಕಾರ ಹಳೆಯ 25 ದಿನಾರ್ ನೋಟುಗಳನ್ನು ರದ್ದು ಮಾಡಿತು. ಸರ್ಕಾರದ ಹಿಡಿತಕ್ಕೆ ಹೊರಗಿದ್ದ ಉತ್ತರದ ಕುರ್ದ್ ಪ್ರದೇಶದ ಜನ ಆ ನೋಟುಗಳನ್ನು ಬಿಡದೆ ಬಳಸಿದರು. ಹೊಸದಾಗಿ ಅಚ್ಚು ಹಾಕುವವರಿಲ್ಲದ ಕಾರಣ ಅವುಗಳ ಸಂಖ್ಯೆ ಬೆಳೆಯಲಿಲ್ಲ, ಬೆಲೆ ಉಳಿಯಿತು. ಇತ್ತ ಬಾಗ್ದಾದ್ ಮಾತ್ರ ಹೊಸ ನೋಟುಗಳನ್ನು ಲೆಕ್ಕವಿಲ್ಲದೆ ಅಚ್ಚು ಹಾಕಿತು. ಸದ್ದಾಂ ಪತನದ ನಂತರ, 2003ರ ಕೊನೆಯಲ್ಲಿ, ರದ್ದಾಗಿದ್ದ ಒಂದು ಹಳೆಯ ದಿನಾರ್‌ಗೆ 150 ಹೊಸ ದಿನಾರ್ ಕೊಡಲಾಯಿತು. ನೋಟಿನ ಹಿಂದೆ ಸರ್ಕಾರವಿಲ್ಲದಿದ್ದರೂ ಜನರ ಒಪ್ಪಿಗೆ ಇದ್ದರೆ ಅದು ನಡೆಯುತ್ತದೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ಸಿಗಲಾರದು.

ಮಾತು ಉಳಿಸಿಕೊಂಡವರು

ಎಲ್ಲ ದೇಶಗಳೂ ಹಳೆಯ ನೋಟಿನ ವಿಷಯದಲ್ಲಿ ಒಂದೇ ರೀತಿ ನಡೆದುಕೊಂಡಿಲ್ಲ. 2002ರ ಜನವರಿಯಲ್ಲಿ ಯೂರೋಪಿನ 12 ದೇಶಗಳಲ್ಲಿ ಯೂರೋ ನೋಟುಗಳು ಬಳಕೆಗೆ ಬಂದವು. ಜರ್ಮನಿಯ ಮಾರ್ಕ್, ಫ್ರಾನ್ಸಿನ ಫ್ರಾಂಕ್, ಇಟಲಿಯ ಲೀರಾ, ಹಾಲೆಂಡಿನ ಗಿಲ್ಡರ್ ಎಲ್ಲವೂ ಹಿಂದೆ ಸರಿದವು. ಜರ್ಮನಿಯ ಕೇಂದ್ರ ಬ್ಯಾಂಕ್ ಯಾವ ಗಡುವನ್ನೂ ಇಡಲಿಲ್ಲ. ಇಂದಿಗೂ 1.95583 ಮಾರ್ಕಿಗೆ ಒಂದು ಯೂರೋ ಕೊಡುತ್ತದೆ, ನಾಣ್ಯಗಳನ್ನೂ ಸ್ವೀಕರಿಸುತ್ತದೆ. ಆದರೂ ಸುಮಾರು 1,200 ಕೋಟಿ ಮಾರ್ಕ್ ಇನ್ನೂ ಹಿಂತಿರುಗಿಲ್ಲ. ಜಗತ್ತಿನ ಯಾವ ಯಾವ ಮನೆಗಳ ಯಾವ ಯಾವ ಪೆಟ್ಟಿಗೆಗಳಲ್ಲಿ ಅವು ಮಲಗಿವೆಯೋ ಹೇಳುವವರಿಲ್ಲ.

ಫ್ರಾನ್ಸ್ 2012ರ ಫೆಬ್ರವರಿ 17ಕ್ಕೆ ಬಾಗಿಲು ಮುಚ್ಚಿತು. ಇಟಲಿ 2011ರ ಡಿಸೆಂಬರಿನಲ್ಲಿ, ತಾನೇ ಹೇಳಿದ್ದ ಗಡುವಿಗಿಂತ ಮೊದಲೇ, ಲೀರಾ ವಿನಿಮಯವನ್ನು ನಿಲ್ಲಿಸಿತು. ಅದು ತಪ್ಪೆಂದು 2015ರಲ್ಲಿ ಅಲ್ಲಿನ ಸಂವಿಧಾನ ನ್ಯಾಯಾಲಯ ತೀರ್ಪು ಕೊಟ್ಟಿತು. ಹಾಲೆಂಡ್ ಗಿಲ್ಡರ್ ನೋಟುಗಳಿಗೆ 2032ರ ಜನವರಿ 1ರವರೆಗೆ ಅವಕಾಶ ಕೊಟ್ಟಿದೆ. ಇಂಗ್ಲೆಂಡಿನಲ್ಲಿ 20 ಮತ್ತು 50 ಪೌಂಡಿನ ಕಾಗದದ ನೋಟುಗಳು 2022ರ ಸೆಪ್ಟೆಂಬರ್ 30ರ ನಂತರ ಅಂಗಡಿಗಳಲ್ಲಿ ನಡೆಯುವುದಿಲ್ಲ. ಆದರೆ ಬ್ಯಾಂಕ್ ಆಫ್ ಇಂಗ್ಲೆಂಡ್ ತನ್ನ ಹಳೆಯ ನೋಟುಗಳನ್ನು ಕಾಲಮಿತಿಯಿಲ್ಲದೆ ಬದಲಾಯಿಸಿಕೊಡುತ್ತದೆ. ಅಮೆರಿಕ 1861ರಿಂದ ಈಚೆಗೆ ಹೊರಡಿಸಿದ ತನ್ನ ನೋಟುಗಳನ್ನು ಇಂದಿಗೂ ಮಾನ್ಯ ಮಾಡುತ್ತದೆ.

ಗಲ್ಫಿನ ಗಡುವುಗಳು ನಮ್ಮವರಿಗೆ ಇನ್ನೂ ಹತ್ತಿರದವು. ಕುವೈತ್ ತನ್ನ ಐದನೇ ಸರಣಿಯ ನೋಟುಗಳನ್ನು 2015ರಲ್ಲಿ ಹಿಂದೆಗೆದುಕೊಂಡು, ಬದಲಾಯಿಸಲು 2025ರ ಏಪ್ರಿಲ್ 18ರವರೆಗೆ ಹತ್ತು ವರ್ಷ ಕಾಲಾವಕಾಶ ನೀಡಿತ್ತು. ಒಮಾನ್ ತನ್ನ ಕೆಲವು ಹಳೆಯ ನೋಟುಗಳಿಗೆ 2024ರ ಅಂತ್ಯದ ಗಡುವು ಹಾಕಿತ್ತು. ಎರಡೂ ದಿನಾಂಕಗಳು ಕಳೆದುಹೋಗಿವೆ. ಅಲ್ಲೇ ಇರುವವರಿಗೆ ಹತ್ತು ವರ್ಷ ಧಾರಾಳವಾಯಿತು. ಊರಿಗೆ ಮರಳಿ ನೆಲೆಸಿದವರ, ತೀರಿಕೊಂಡವರ ಮನೆಯವರಿಗೆ ಗಡುವಿನ ಸುದ್ದಿ ತಲುಪುವುದೇ ಕಷ್ಟ. ದೂರದಲ್ಲಿರುವವನಿಗೆ ಗಡುವು ಯಾವಾಗಲೂ ಹತ್ತಿರವಾಗಿರುತ್ತದೆ.

ನಮ್ಮ ನೋಟೇ ಪರದೇಶದ್ದಾದಾಗ

ಈ ಮಾತು ನಮಗೂ ಅನ್ವಯಿಸುತ್ತದೆ. 2016ರ ನವೆಂಬರ್ 8ರ ರಾತ್ರಿ 500 ಮತ್ತು 1000 ರೂಪಾಯಿಯ ನೋಟುಗಳು ರದ್ದಾದವು. ದೇಶದೊಳಗಿದ್ದವರು ಡಿಸೆಂಬರ್ 30ರೊಳಗೆ ಬ್ಯಾಂಕಿಗೆ ಕಟ್ಟಬಹುದಿತ್ತು. ಆಗ ಹೊರದೇಶದಲ್ಲಿದ್ದ ಅನಿವಾಸಿ ಭಾರತೀಯರಿಗೆ ರಿಸರ್ವ್ ಬ್ಯಾಂಕಿನ ಆಯ್ದ ಕಚೇರಿಗಳಲ್ಲಿ 2017ರ ಜೂನ್ 30ರವರೆಗೆ ಅವಕಾಶವಿತ್ತು. ರಜೆಯಲ್ಲಿ ಊರಿಗೆ ಬಂದಾಗ ಆಟೋಗೆ, ಹೂವಿಗೆ ಬೇಕಾದೀತೆಂದು ಒಂದಿಷ್ಟು ರೂಪಾಯಿ ಜೊತೆಗಿಟ್ಟುಕೊಳ್ಳುವುದು ಅಮೆರಿಕ, ಇಂಗ್ಲೆಂಡಿನ ಕನ್ನಡ ಮನೆಗಳಲ್ಲೂ ವಾಡಿಕೆ. ಆ ಅವಧಿಯಲ್ಲಿ ಬರಲಾಗದವರ ಕೈಯಲ್ಲಿ ನಮ್ಮ ನೋಟು ಚಲಾವಣೆ ನಿಂತ ಪರದೇಶದ ಹಣವಾಗಿ ಉಳಿಯಿತು. ಭಾರತದ ನೋಟು ಅಂಗಡಿಗಳಲ್ಲೇ ನಡೆಯುತ್ತಿದ್ದ ನೇಪಾಳದಲ್ಲೂ ಅದೇ ಗತಿಯಾಯಿತು.

2017ರಲ್ಲಿ ಬಂದ ಕಾನೂನಿನ ಪ್ರಕಾರ ರದ್ದಾದ ಈ ನೋಟುಗಳನ್ನು ಒಬ್ಬರು ಒಟ್ಟು 10ಕ್ಕಿಂತ ಹೆಚ್ಚು ಇಟ್ಟುಕೊಳ್ಳುವಂತಿಲ್ಲ. ಅಧ್ಯಯನ, ಸಂಶೋಧನೆ, ನಾಣ್ಯ ಸಂಗ್ರಹಕ್ಕಾದರೆ 25ರವರೆಗೆ ಇರಬಹುದು. ಮೀರಿದರೆ ದಂಡ. ಬೇರೆ ದೇಶದ ಸತ್ತ ನೋಟು ಇಟ್ಟುಕೊಂಡರೆ ಸುಮ್ಮನೆ ನೆನಪು. ನಮ್ಮದೇ ಸತ್ತ ನೋಟು ಹೆಚ್ಚಾದರೆ ಅಪರಾಧ!

ಪೆಟ್ಟಿಗೆಯಲ್ಲಿ ಇದ್ದರೆ ಏನು ಮಾಡಬೇಕು?

ಮನೆಯಲ್ಲಿ ಹಳೆಯ ವಿದೇಶಿ ಹಣ ಸಿಕ್ಕರೆ ಮೊದಲು ನೋಡಬೇಕಾದ್ದು ನಾಲ್ಕು ಸಂಗತಿ: ಯಾವ ದೇಶ, ಎಷ್ಟು ಬೆಲೆಯದು, ಯಾವ ಇಸವಿ, ಯಾವ ಸರಣಿ. ಪ್ರತಿ ದೇಶದ ಕೇಂದ್ರ ಬ್ಯಾಂಕೂ ತಾನು ಹಿಂದೆಗೆದುಕೊಂಡ ನೋಟುಗಳ ಪಟ್ಟಿ ಮತ್ತು ಗಡುವನ್ನು ಪ್ರಕಟಿಸುತ್ತದೆ. ಗಡುವು ಮುಗಿಯದಿದ್ದರೆ ಅದು ಇನ್ನೂ ಹಣವೇ. ಇಲ್ಲಿನ ವಿನಿಮಯ ಅಂಗಡಿ ಬೇಡವೆಂದ ಮಾತ್ರಕ್ಕೆ ಬಿಸಾಡಬಾರದು. ಆ ಅಂಗಡಿಗಳು ಕೊಳ್ಳುವುದು ಮತ್ತೆ ಮಾರಬಹುದಾದ, ಚಲಾವಣೆಯಲ್ಲಿರುವ ನೋಟುಗಳನ್ನು. ನಾಣ್ಯಗಳನ್ನಂತೂ ಸಾಮಾನ್ಯವಾಗಿ ಮುಟ್ಟುವುದಿಲ್ಲ. ಹಳೆಯ ಮಾರ್ಕನ್ನು ಬದಲಾಯಿಸಬೇಕಾದ್ದು ಜರ್ಮನಿಯ ಕೇಂದ್ರ ಬ್ಯಾಂಕು. ಪೌಂಡನ್ನು ಬ್ಯಾಂಕ್ ಆಫ್ ಇಂಗ್ಲೆಂಡ್. ಅಂಚೆಯಲ್ಲಿ ಕಳಿಸುವ ಮೊದಲು ಅಂಚೆ ಮತ್ತು ವಿದೇಶಿ ವಿನಿಮಯದ ನಿಯಮಗಳನ್ನು ವಿಚಾರಿಸುವುದು ಕ್ಷೇಮ.

ಕಾನೂನಿನ ಭಯ ಅನೇಕರಿಗೆ ಇದೆ. ವಿದೇಶಿ ನಾಣ್ಯಗಳನ್ನು ಎಷ್ಟು ಬೇಕಾದರೂ ಇಟ್ಟುಕೊಳ್ಳಬಹುದು, ಮಿತಿ ಇಲ್ಲ. ಪ್ರವಾಸ ಮೊದಲಾದ ನ್ಯಾಯವಾದ ದಾರಿಯಲ್ಲಿ ಬಂದ ವಿದೇಶಿ ನೋಟುಗಳನ್ನು 2,000 ಅಮೆರಿಕನ್ ಡಾಲರ್ ಮೌಲ್ಯದವರೆಗೆ ಇಟ್ಟುಕೊಳ್ಳಲು ಅವಕಾಶವಿದೆ. ನೆಲದಲ್ಲಿ ಸಿಕ್ಕ ನಿಧಿಯ ಮಾತು ಬೇರೆ. ಅದನ್ನು ಸರ್ಕಾರಕ್ಕೆ ತಿಳಿಸಲೇಬೇಕು. ನೂರು ವರ್ಷಕ್ಕೂ ಹಳೆಯ ನಾಣ್ಯಗಳು ಪ್ರಾಚ್ಯವಸ್ತು ಕಾಯ್ದೆಯಡಿ ಬರುವುದರಿಂದ ಅವನ್ನು ಅನುಮತಿಯಿಲ್ಲದೆ ಹೊರದೇಶಕ್ಕೆ ಒಯ್ಯುವಂತಿಲ್ಲ.

ಗಡುವು ಮುಗಿದಿದ್ದರೆ ಉಳಿಯುವುದು ಸಂಗ್ರಾಹಕರ ಬೆಲೆ. ಇಲ್ಲಿ ಹಳೆಯದೆಲ್ಲ ಚಿನ್ನವಲ್ಲ. ಅಪರೂಪ, ಮಡಿಕೆ ಬೀಳದ ಸ್ಥಿತಿ ಮತ್ತು ಬೇಡಿಕೆ, ಈ ಮೂರೂ ಕೂಡಿದರೆ ಮಾತ್ರ ಬೆಲೆ. ಜಿಂಬಾಬ್ವೆ 2009ರಲ್ಲಿ ಹೊರಡಿಸಿದ ನೂರು ಲಕ್ಷ ಕೋಟಿ ಡಾಲರಿನ ನೋಟು ಇದಕ್ಕೆ ತಮಾಷೆಯ ಉದಾಹರಣೆ. 2015ರಲ್ಲಿ ಆ ದೇಶ ಹಳೆಯ ಹಣವನ್ನು ಮುಗಿಸಿದಾಗ ಅಂಥ 350 ನೋಟು ಸೇರಿದರೆ ಒಂದು ಅಮೆರಿಕನ್ ಡಾಲರ್ ಎಂಬ ದರವಿತ್ತು. ಆದರೆ ಸೊನ್ನೆಗಳ ಮೆರವಣಿಗೆ ನೋಡಲೆಂದೇ ಸಂಗ್ರಾಹಕರು ಒಂದೊಂದು ನೋಟಿಗೆ ಹತ್ತಾರು ಡಾಲರ್ ಕೊಟ್ಟು ಕೊಂಡರು. ದೋಚಿದ ಕುವೈತ್ ನೋಟುಗಳೂ ಇಂದು ಸಂಗ್ರಾಹಕರ ಸರಕೇ.

ಇಲ್ಲೇ ಮೋಸಗಾರರ ಬಲೆಯೂ ಇದೆ. ಹಳೆಯ ನೋಟು, ನಾಣ್ಯಕ್ಕೆ ಲಕ್ಷ ಲಕ್ಷ ಕೊಡುತ್ತೇವೆ, ಮೊದಲು ಇಷ್ಟು ಶುಲ್ಕ ಕಟ್ಟಿ ಎನ್ನುವವರ ಬಗ್ಗೆ ರಿಸರ್ವ್ ಬ್ಯಾಂಕ್ 2021ರ ಆಗಸ್ಟ್‌ನಲ್ಲಿ ಎಚ್ಚರಿಕೆ ಕೊಟ್ಟಿದೆ. ತನ್ನ ಹೆಸರು, ಲಾಂಛನ ಬಳಸಿ ಹಣ ಕೀಳುತ್ತಿದ್ದಾರೆ, ತಾನು ಇಂಥ ವ್ಯವಹಾರ ಮಾಡುವುದೂ ಇಲ್ಲ, ಯಾರಿಗೂ ಅಧಿಕಾರ ಕೊಟ್ಟೂ ಇಲ್ಲ ಎಂದು ಅದು ಸ್ಪಷ್ಟಪಡಿಸಿದೆ. ಕೊಳ್ಳುವವನು ಹಣ ಕೊಡಬೇಕೇ ಹೊರತು ಕೇಳಬಾರದು ಎಂಬ ಸರಳ ಸೂತ್ರ ನೆನಪಿದ್ದರೆ ಸಾಕು.

ಚಿನಿವಾರನ ಕಟ್ಟೆಯಲ್ಲಿ ಬೆಲೆ ಕಟ್ಟುವಾಗ ನಾಣ್ಯವೂ ಅದರ ಒಡೆಯನೂ ಎದುರಿಗಿರುತ್ತಿದ್ದರು. ತಕ್ಕಡಿ ಮೇಲೇಳುವುದೂ ಕೆಳಗಿಳಿಯುವುದೂ ಇಬ್ಬರಿಗೂ ಕಾಣುತ್ತಿತ್ತು. ನೋಟಿನ ಕಾಲದಲ್ಲಿ ತಕ್ಕಡಿ ಸಮುದ್ರದಾಚೆ ಇದೆ, ಅದಕ್ಕೊಂದು ದಿನಾಂಕವಿದೆ. ದುಡಿದವನಿಗೆ ಆ ದಿನಾಂಕ ತಿಳಿಯದಿದ್ದರೆ ದುಡಿಮೆಯ ಒಂದು ಭಾಗ ಸದ್ದಿಲ್ಲದೆ ಅಳಿದುಹೋಗುತ್ತದೆ. ಅಪ್ಪನ ಪೆಟ್ಟಿಗೆಯಲ್ಲಿ ಒಂದು ನೋಟು ಉಳಿದಿದ್ದರೆ ಅದರ ಇಸವಿಯನ್ನೂ ಗಡುವನ್ನೂ ಒಮ್ಮೆ ನೋಡಿಬಿಡುವುದು ಒಳ್ಳೆಯದು.